ಮೂಕಗಾಳಿ ಬರುವುದರೊಳಗೆ

ನಮ್ಮೂರಿನಲ್ಲಿ ಮೂಕಗಾಳಿ ಬೀಸತೊಡಗಿದರೆ ಮನುಷ್ಯರ ದನಿ ಕೇಳಿಸುವುದಿಲ್ಲ. ನಾಯಿ ಬೊಗಳುವುದು ಕೇಳುತ್ತದೆ, ಕುಕ್ಕರ್ ಕೂಗುವುದು ಕೇಳುತ್ತದೆ, ಬಾಗಿಲು ಬಡಿದುಕೊಳ್ಳುವುದು ಕೇಳುತ್ತದೆ. ಮನುಷ್ಯರ ಬಾಯಿಂದ ಹೊರಟದ್ದು ಮಾತ್ರ ಇಲ್ಲ. ಗಾಳಿ ಉಪ್ಪಿನ ಬಯಲಿನ ಕಡೆಯಿಂದ ಬಂದು, ಎರಡು ಮೂರು ತಿಂಗಳು ಇದ್ದು ಹೋಗುತ್ತದೆ. ಅಷ್ಟು ದಿನ ನಾವು ಕೈಮಾತು ಆಡುತ್ತೇವೆ. ತರಕಾರಿ ಮಾರುವವರು ಗಾಡಿಗೆ ಗಂಟೆ ಕಟ್ಟಿಕೊಳ್ಳುತ್ತಾರೆ, ಮೇಷ್ಟರು ಮೇಜು ಕುಟ್ಟುತ್ತಾರೆ, ಜಗಳಕ್ಕೆ ಬಿದ್ದ ಗಂಡ ಹೆಂಡತಿ ಅದು ಮುಗಿಯುವ ತನಕ ದೀಪ ಆರಿಸುವುದಿಲ್ಲ. ಹೊರಗಿನಿಂದ ಮದುವೆಯಾಗಿ ಬಂದ ಸೊಸೆಯಂದಿರು ಮೊದಲ ವರ್ಷ ಅಳುತ್ತಾರೆ. ಎರಡನೆಯ ವರ್ಷ ಅತ್ತೆಯ ಕಡೆ ಬೆನ್ನು ತಿರುಗಿಸಿ ನಿಂತರೆ ಆಕೆ ಹೇಳಿದ್ದು ತಲುಪುವುದಿಲ್ಲ ಎಂಬುದನ್ನು ಕಂಡುಕೊಂಡು ನೆಮ್ಮದಿಯಾಗಿರುತ್ತಾರೆ.

ನಾನು ಈ ಊರಿನ ಆರೋಗ್ಯ ಸಹಕಾರ ಸಂಘದ ಕಾರ್ಯದರ್ಶಿ. ಊರ ನಡುವೆ ನಮ್ಮದೊಂದು ಆಸ್ಪತ್ರೆ, ಸುತ್ತಲಿನ ಕೇರಿಗಳಲ್ಲಿ ಸಣ್ಣ ಸಣ್ಣ ಶಾಖೆಗಳು. ಶಾಖೆಗಳಲ್ಲಿ ನರ್ಸುಗಳಿದ್ದಾರೆ, ಡಾಕ್ಟರು ಇರುವುದು ನಡುವಿನ ಆಸ್ಪತ್ರೆಯಲ್ಲಿ ಮಾತ್ರ. ಗಾಳಿಯ ದಿನಗಳಲ್ಲಿ ಉಪ್ಪಿನ ಪುಡಿ ಹಾರಿ ಬಂದು ದಾರಿಯ ಮೇಲೆಲ್ಲ ಕೂತು, ಗಾಡಿಗಳ ಚಕ್ರ ಹೂತುಹೋಗಿ, ಓಡಾಟ ಕಷ್ಟ. ಹಾಗಾಗಿ ಒಂದೊಂದು ಶಾಖೆಯೂ ತನಗೆ ತೋಚಿದಂತೆ ವಿಡಿಯೊ ಕರೆಯ ಏರ್ಪಾಡು ಮಾಡಿಕೊಂಡಿತ್ತು. ಕಲ್ಲುಗಣಿ ಶಾಖೆಯಲ್ಲಿ ಯಾರೋ ದಾನ ಕೊಟ್ಟ ಬಾಗಿಲಗಲದ ಟಿವಿ. ದೋಣಿಗಟ್ಟದ ಶಾಖೆಯದು ಅಲ್ಲಿನ ನರ್ಸಿನ ಸ್ವಂತ ಮೊಬೈಲು. ಉಪ್ಪಿನ ಬಯಲಿನಲ್ಲಿ ಹಳೆಯ ಕಂಪ್ಯೂಟರಿನ ನೆತ್ತಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ ಕ್ಯಾಮೆರಾ. ಒಂದರದು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರ್ ಕುಮುದ ಅವರ ಮೇಜಿನ ಮೇಲೆ ಒಂದೊಂದು ಶಾಖೆಗೆ ಒಂದೊಂದು ಯಂತ್ರ ನಿಂತಿತ್ತು. ಯಾವುದು ರಿಂಗಾಗುತ್ತಿದೆ ಎಂದು ಹುಡುಕುವುದರಲ್ಲೇ ಅವರ ಅರ್ಧ ಜೀವ ಹೋಗುತ್ತಿತ್ತು.

ಹೋದ ವರ್ಷದ ಗಾಳಿಯಲ್ಲಿ ಅನಾಹುತವಾಯಿತು. ಉಪ್ಪಿನ ಬಯಲಿನ ಶಾಖೆಯ ನರ್ಸು ನನ್ನ ತಂಗಿ ಹೇಮ. ಉಪ್ಪಿನ ಮೂಟೆ ಹೊರುವ ಮಾಳಪ್ಪ ಎಂಬಾತ ಜ್ವರವೆಂದು ಅವಳಲ್ಲಿಗೆ ಬಂದಿದ್ದ. ಹೇಮ ಮಾತ್ರೆಯ ಪೊಟ್ಟಣವನ್ನು ಕ್ಯಾಮೆರಾಕ್ಕೆ ಹಿಡಿದು, ಕೊಡಲೇ ಎಂದು ಕೈಯಲ್ಲಿ ಕೇಳಿದಳು. ಮಾಳಪ್ಪನಿಗೆ ಆ ಔಷಧಿ ಒಗ್ಗುವುದಿಲ್ಲವೆಂದು ಕುಮುದ ಅವರಿಗೆ ಗೊತ್ತಿತ್ತು. ಅವರು ಮುಷ್ಟಿ ಬಿಗಿದು ಎರಡು ಸಲ ಕುಲುಕಿದರು. ನಮ್ಮ ಕೈಮಾತಿನಲ್ಲಿ ಮುಷ್ಟಿ ಒಂದು ಸಲ ಕುಲುಕಿದರೆ 'ಕೊಡು', ಎರಡು ಸಲವಾದರೆ 'ಬೇಡ'. ಚಿತ್ರ ತಡವರಿಸುತ್ತಿತ್ತು, ಕ್ಷಣ ಹೊತ್ತು ನಿಂತು, ಮುಂದಕ್ಕೆ ಹಾರಿತು. ಹೇಮಳಿಗೆ ಕಂಡದ್ದು ಒಂದೇ ಸಲ. ಅವಳು ಮಾತ್ರೆ ಕೊಟ್ಟಳು. ಮಾಳಪ್ಪನ ಮೈಯೆಲ್ಲ ಬೊಬ್ಬೆಯೆದ್ದು ಚರ್ಮ ಸುಲಿದು, ಇನ್ನು ಉಳಿಯುವುದಿಲ್ಲ ಎಂದೇ ಎಲ್ಲರೂ ತಿಳಿದಿದ್ದೆವು. ಉಳಿದ. ಆದರೆ ಅವನ ಎಡಗಣ್ಣಿಗೆ ಈಗ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಗೊತ್ತಾಗುವುದಿಲ್ಲ.

ಇದರಲ್ಲಿ ಯಾರ ತಪ್ಪೂ ಇಲ್ಲ ಎಂದು ಸಂಘ ತೀರ್ಮಾನಿಸಿತು. ಕುಮುದ ಅವರು ತಾವು ಎರಡು ಸಲ ಕುಲುಕಿದ್ದು ಖಂಡಿತ ಎಂದರು. ಹೇಮ ಕಂಡದ್ದು ಒಂದೇ ಸಲ ಎಂದಳು. ಇಬ್ಬರನ್ನೂ ನಂಬಿದೆವು. ಆದರೆ ಹೇಮ ತನ್ನನ್ನು ತಾನು ನಂಬುವುದನ್ನು ಬಿಟ್ಟಳು. ಅವಸರದಲ್ಲಿ ಸರಿಯಾಗಿ ನೋಡಲಿಲ್ಲವೇನೋ, ಮನಸ್ಸಿನಲ್ಲಿ ಮೊದಲೇ ಕೊಡುವುದೆಂದು ಇಟ್ಟುಕೊಂಡಿದ್ದೆನೇನೋ ಎಂದು ತಿರುಗಿಸಿ ತಿರುಗಿಸಿ ಯೋಚಿಸುತ್ತಿದ್ದಳು. ಗಾಳಿ ನಿಂತು ಊರಿಗೆಲ್ಲ ದನಿ ಮರಳಿದರೂ ಅವಳು ಬಾಯಿ ಬಿಡುತ್ತಿದ್ದುದು ಅಪರೂಪ. ಹಬ್ಬಕ್ಕೆ ಮನೆಗೆ ಬಂದವಳು ಹೋಳಿಗೆ ತಟ್ಟುತ್ತ, ತಲೆಯೆತ್ತದೆ ಹೇಳಿದಳು: "ಮಂದಕ್ಕ, ಈ ಸಲ ಗಾಳಿ ಶುರುವಾಗೋ ಮುಂಚೆ ಕೆಲಸ ಬಿಡ್ತೀನಿ."

"ಬಿಟ್ಟು ಏನು ಮಾಡ್ತೀಯ?"

"ಏನೋ ಒಂದು. ಆ ಡಬ್ಬದ ಮುಂದೆ ನಿಂತು ಇನ್ನೊಬ್ಬರಿಗೆ ಔಷಧಿ ಕೊಡೋದು ನನ್ನ ಕೈಲಾಗಲ್ಲ."

ನಾನು ಬೆಂದ ಹೋಳಿಗೆ ಎತ್ತಿಟ್ಟೆ.

ಆಮೇಲೆ ಕೆಲವೇ ದಿನಕ್ಕೆ ಸಂಘದ ಅಧ್ಯಕ್ಷ ತಿಪ್ಪಯ್ಯನವರು ನನ್ನನ್ನು ಕರೆಸಿದರು. ಅವರು ಹಳೆಯ ಕಾಲದ ಮನುಷ್ಯ, ಕುರ್ಚಿಯ ತುದಿಯಲ್ಲಿ ಕೂತು ಮಾತಾಡುವವರು. "ಎಲ್ಲ ಶಾಖೆಗೂ ಒಂದೇ ಪದ್ಧತಿ ಮಾಡಿಬಿಡೋಣಮ್ಮ. ಯಂತ್ರ ಯಾವುದು, ಕ್ಯಾಮೆರಾ ಎಲ್ಲಿಡೋದು, ಯಾರು ಹೆಂಗೆ ಕೂರೋದು, ಎಲ್ಲಕ್ಕೂ ಒಂದು ಮಾನದಂಡ ಬರೆದುಕೊಡಿ. ಗಾಳಿ ಬರೋದ್ರೊಳಗೆ ಮುಗೀಬೇಕು. ಮಾಳಪ್ಪನಿಗೆ ಆದದ್ದು ಇನ್ನೊಬ್ಬರಿಗೆ ಆದ್ರೆ ನಾನು ಈ ಕುರ್ಚೀಲಿ ಕೂರಲ್ಲ." ಇಂಥ ವ್ಯವಸ್ಥೆ ಮಾಡಿಕೊಡುವ ಒಂದು ಕಂಪನಿಗೆ ಅವರು ಆಗಲೇ ಹೇಳಿ ಕಳಿಸಿದ್ದರು.

ಕಂಪನಿಯಿಂದ ಬಂದವರು ಜಯತೀರ್ಥ ಎಂಬ ನಡುವಯಸ್ಸಿನವರು. ಮೃದು ಮಾತಿನ, ಊಟವಾದ ಮೇಲೆ ತಮ್ಮ ತಟ್ಟೆ ತಾವೇ ತೊಳೆದಿಡುವ ಮನುಷ್ಯ. ಎಲ್ಲ ಶಾಖೆಗೂ ಒಂದೊಂದು ಹೊಸ ಯಂತ್ರ ಇಟ್ಟು, ಆಸ್ಪತ್ರೆಯಲ್ಲಿ ದೊಡ್ಡ ಪರದೆ ನೇತುಹಾಕಿ ತೋರಿಸಿದರು. ಎಲ್ಲ ಶಾಖೆಗಳ ಮುಖಗಳೂ ಕಿಟಕಿಗಳಂತೆ ಒಟ್ಟಿಗೆ ಮೂಡಿದವು. ಯಾರು ಮಾತಾಡುತ್ತಾರೋ ಅವರ ಕಿಟಕಿ ತಾನಾಗಿ ದೊಡ್ಡದಾಗುತ್ತಿತ್ತು. ಹಿಂದಿನ ಗೋಡೆ, ಹಗ್ಗದ ಮೇಲಿನ ಬಟ್ಟೆ ಎಲ್ಲ ಮಸುಕಾಗಿ ಮುಖವೊಂದೇ ಫಳಫಳ ಹೊಳೆಯುತ್ತಿತ್ತು. ದೋಣಿಗಟ್ಟದ ನರ್ಸಿನ ಮೂಗುತಿಯ ಹರಳು ಎಣಿಸಬಹುದಿತ್ತು. ತಿಪ್ಪಯ್ಯನವರು ಕಲ್ಲುಗಣಿಯವರೊಡನೆ ಮಾತಾಡುವುದಕ್ಕೆ ವಿಷಯವಿಲ್ಲದಿದ್ದರೂ ಮಾತಾಡಿದರು.

"ಗಾಳಿಯ ತೊಂದರೆ ಇದೆ ಅಂತ ಹೇಳಿದ್ರಲ್ಲ," ಅಂದರು ಜಯತೀರ್ಥ, "ಈ ಮೈಕು ಗಾಳಿ ಸದ್ದನ್ನ ಪೂರ್ತಿ ತೆಗೆದುಹಾಕುತ್ತೆ."

ಎಲ್ಲರೂ ತಲೆಯಾಡಿಸಿದರು. ನಾನು ತಡೆದು ಕೇಳಿದೆ: "ಎಲ್ಲರೂ ಬಾಯಿ ಮುಚ್ಚಿಕೊಂಡು, ಬರೀ ಕೈಯಲ್ಲಿ ಒಂದು ಸಲ ಮಾತಾಡಿ ನೋಡೋಣವೇ?"

ದನಿ ಇರುವ ದಿನಗಳಲ್ಲಿ ಕೈಮಾತು ಆಡಿದರೆ ಗಾಳಿ ಬೇಗ ಬರುತ್ತದೆ ಎಂಬುದು ನಮ್ಮೂರಿನ ಹಳೆಯ ನಂಬಿಕೆ. ಮಕ್ಕಳು ಆಟಕ್ಕೆ ಆಡಿದರೂ ಕೈಮೇಲೆ ಏಟು ಬೀಳುತ್ತದೆ. ತಿಪ್ಪಯ್ಯನವರು ಮುಖ ಗಂಟಿಕ್ಕಿಕೊಂಡು, "ಅದೆಲ್ಲ ಬೇಡಮ್ಮ, ಯಂತ್ರ ಚೆನ್ನಾಗಿದೆಯಲ್ಲ," ಎಂದರು. ಪರದೆಯ ಕಿಟಕಿಗಳಲ್ಲಿ ನರ್ಸುಗಳು ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡರು. ಕುಮುದ ಅವರು ಮಾತ್ರ ನನ್ನನ್ನೇ ನೋಡುತ್ತಿದ್ದರು. ಹೊರಗೆ ಬಂದ ಮೇಲೆ ಜಯತೀರ್ಥರಿಗೆ ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ನಕ್ಕು ತಳ್ಳಿಹಾಕಲಿಲ್ಲ. "ಹಾಗಿದ್ರೆ ಕೈ ತೋರಿಸಿ ನೋಡಿದ ಹೊರತು ನಾನು ಇದಕ್ಕೆ ಜವಾಬ್ದಾರಿ ಹೊತ್ತುಕೊಳ್ಳೋಕಾಗಲ್ಲ," ಎಂದರು. "ಯಾರಾದರೂ ಒಬ್ಬರು ಒಪ್ಪಿದ್ರೂ ಸಾಕು."

ಆ ಒಬ್ಬರನ್ನು ಹುಡುಕಿಕೊಂಡು ಉಪ್ಪಿನ ಬಯಲಿಗೆ ಹೋದೆ. ಹೇಮಳನ್ನೇ ಕೇಳುವುದೆಂದು ಮನಸ್ಸಿನಲ್ಲಿತ್ತು. ಶಾಖೆಯ ಜಗಲಿಯ ಮೇಲೆ ಮಾಳಪ್ಪ ಮುಖ ಮೇಲೆತ್ತಿ ಕೂತಿದ್ದ. ಹೇಮ ಅವನ ಎಡಗಣ್ಣಿಗೆ ಔಷಧಿ ಬಿಡುತ್ತಿದ್ದಳು. ಹನಿ ಬಿಟ್ಟವಳೇ ಹತ್ತಿ ಕೊಟ್ಟು, ನನಗೂ ಒಂದು ಮಾತು ಆಡದೆ ಒಳಗೆ ಹೋದಳು.

"ದಿನಾ ಹಿಂಗೇ ಕಣಮ್ಮ," ಎಂದ ಮಾಳಪ್ಪ. "ಬರ್ತೀನಿ, ಬಿಡ್ತಾರೆ, ಹೋಗ್ತೀನಿ. ಒಂದು ಮಾತಿಲ್ಲ. ಗಾಳಿ ಇನ್ನೂ ನಿಂತೇ ಇಲ್ವೇನೋ ಅನ್ಸುತ್ತೆ ನಂಗೆ."

"ನಿಮಗೆ ಅವಳ ಮೇಲೆ ಸಿಟ್ಟಿಲ್ವಾ?"

"ಇತ್ತು. ಇಲ್ಲ ಅಂದ್ರೆ ಸುಳ್ಳಾಗುತ್ತೆ. ಮೊದಮೊದಲು ಈ ಕಡೆ ತಲೆ ಹಾಕಿರ್ಲಿಲ್ಲ. ಆಮೇಲೆ ನಮ್ಮನೆಗೇ ಬಂದು ಹನಿ ಬಿಡೋಕೆ ಶುರು ಮಾಡಿದ್ರು, ಬಿಸಿಲಲ್ಲಿ ಬಯಲು ದಾಟ್ಕೊಂಡು. ಎಷ್ಟು ದಿನ ಅಂತ ಸಿಟ್ಟು ಹಿಡ್ಕೊಳ್ಳೋದು." ಅವನು ಹತ್ತಿಯಿಂದ ಕೆನ್ನೆ ಒರೆಸಿಕೊಂಡ. "ನೀವು ಬಂದಿದ್ದೇನು?"

ಹೇಳಿದೆ.

"ನಾನು ಆಡ್ತೀನಿ ಬಿಡಿ ಕೈಮಾತು. ಗಾಳಿ ಬೇಗ ಬಂದ್ರೆ ಬರ್ಲಿ. ಹೆಂಗಿದ್ರೂ ಬರೋದೇ ತಾನೆ."

ಮಾರನೆಯ ದಿನ ಬೆಳಿಗ್ಗೆ ಉಪ್ಪಿನ ಬಯಲಿನ ಶಾಖೆಯಲ್ಲಿ ಮಾಳಪ್ಪ ಹೊಸ ಯಂತ್ರದ ಮುಂದೆ ಸ್ಟೂಲಿನ ಮೇಲೆ ಕೂತ. ನಾನು ಅವನ ಪಕ್ಕದಲ್ಲಿ. ಆಸ್ಪತ್ರೆಯ ಕಡೆ ಕುಮುದ, ಜಯತೀರ್ಥ, ಒಲ್ಲದ ಮನಸ್ಸಿನ ತಿಪ್ಪಯ್ಯನವರು. ಬೇರೆ ಕಿಟಕಿಗಳಲ್ಲಿ ಉಳಿದ ಶಾಖೆಗಳ ನರ್ಸುಗಳು. ಹೇಮ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು, ಒಳಗೆ ಬರಲಿಲ್ಲ. ಮಾಳಪ್ಪ ಎರಡೂ ಕೈ ಎತ್ತಿ ಎಲ್ಲರ ಯೋಗಕ್ಷೇಮ ಕೇಳಿದ. ಪರದೆಯ ಕಿಟಕಿಗಳಲ್ಲಿ ಯಾರೂ ಕದಲಲಿಲ್ಲ. ಅವನು ಮತ್ತೆ ಕೇಳಿದ. ಈ ಸಲ ತನ್ನ ಕುರುಡುಗಣ್ಣಿನ ಕಡೆಯಿಂದ ನೋಡಿದಂತೆ ತಲೆ ಓರೆ ಮಾಡಿ, ಯಾರೂ ಕಾಣುತ್ತಿಲ್ಲ, ಎಲ್ಲರೂ ಸತ್ತುಗಿತ್ತು ಹೋದಿರೋ ಎಂದ. ದೋಣಿಗಟ್ಟದ ನರ್ಸಿಗೆ ನಗು ತಡೆಯಲಾಗಲಿಲ್ಲ. ಸೆರಗಿನಿಂದ ಅವಳ ಕೈ ಹೊರಬಂತು. ಆಮೇಲೆ ಒಬ್ಬೊಬ್ಬರದೇ ಬಂತು.

ಅಲ್ಲಿಂದ ಮುಂದಿನದು ನಗೆಪಾಟಲು. ಕೈಗಳು ಎಷ್ಟು ಆಡಿದರೂ ಯಾರ ಕಿಟಕಿಯೂ ದೊಡ್ಡದಾಗಲಿಲ್ಲ. ಅಷ್ಟರಲ್ಲಿ ಕಲ್ಲುಗಣಿ ಶಾಖೆಯ ಹಿಂದಿನ ಒಲೆಯ ಮೇಲಿದ್ದ ಕುಕ್ಕರ್ ಕೂಗಿತು. ಯಂತ್ರ ಅದನ್ನೇ ಭಾಷಣವೆಂದು ತಿಳಿದು ಕಲ್ಲುಗಣಿಯ ಖಾಲಿ ಅಡುಗೆಮನೆಯನ್ನು ಪರದೆಯ ತುಂಬ ತೋರಿಸಿತು. ಕುಮುದ ಅವರು ಮೂಲೆಯಲ್ಲಿ ಹೆಬ್ಬೆಟ್ಟಿನಷ್ಟಾದರು. ಅದು ನಿಂತಿತೆನ್ನುವಾಗ ದೋಣಿಗಟ್ಟದಲ್ಲಿ ನಾಯಿಯೊಂದು ಬೊಗಳಿ, ಬಹಳ ಹೊತ್ತು ಅದರ ಬಾಲ ಪರದೆ ತುಂಬ ಆಡಿತು. ಜಯತೀರ್ಥರು ತಲೆ ಕೆರೆದುಕೊಂಡು, ದನಿಯನ್ನು ಹಿಂಬಾಲಿಸುವ ಆ ಗುಣವನ್ನೇ ನಿಲ್ಲಿಸಿಬಿಟ್ಟರು. ಹಿನ್ನೆಲೆಯನ್ನು ಮಸುಕು ಮಾಡುವುದು ಬೆರಳುಗಳನ್ನೂ ಗೋಡೆಯೆಂದೇ ತಿಳಿದು ಅಳಿಸಿಹಾಕುತ್ತಿತ್ತು, ಅದನ್ನೂ ನಿಲ್ಲಿಸಿದರು. ಮುಖದ ಮೇಲೇ ಕೂರುವ ಕ್ಯಾಮೆರಾವನ್ನು ಹಿಂದಕ್ಕೆ ಸರಿಸಲು ಹೇಳಿ, ಸೊಂಟದವರೆಗೆ ಕಾಣುವಂತೆ ಮಾಡಿದರು. ಎಲ್ಲರೂ ನಗುತ್ತಿದ್ದರು, ತಿಪ್ಪಯ್ಯನವರು ಕೂಡ.

ಆಗ ಮಾಳಪ್ಪ ಬಾಯಿಬಿಟ್ಟೇ ಕೇಳಿದ. "ಡಾಕ್ಟ್ರೇ, ಆವತ್ತಿಂದು ಒಂದ್ಸಲ ತೋರ್ಸಿ."

ನಗು ನಿಂತಿತು. ಕುಮುದ ಅವರು ಮುಷ್ಟಿ ಬಿಗಿದರು. ನಮ್ಮ ಪರದೆಯ ಮೇಲೆ ಮುಷ್ಟಿ ಕುಲುಕಿತು, ಚಿತ್ರ ನಿಂತಿತು, ಮುಂದಕ್ಕೆ ಹಾರಿತು, ಕೈ ಕೆಳಗಿಳಿದಿತ್ತು. ಒಂದೇ ಸಲ.

"ಎಷ್ಟು ಸಲ ಕುಲುಕಿದ್ರಿ?" ಎಂದು ನಾನು ಕೇಳಿದೆ.

"ಎರಡು," ಎಂದರು ಕುಮುದ. ಅವರ ಹಿಂದೆ ನಿಂತಿದ್ದ ತಿಪ್ಪಯ್ಯನವರೂ ಮೆಲ್ಲಗೆ, "ಎರಡೇ ಕಣಮ್ಮ, ನಾನೇ ನೋಡಿದೆ," ಎಂದರು.

ಬಾಗಿಲಲ್ಲಿದ್ದ ಹೇಮ ಒಳಗೆ ಬಂದಳು. ಪರದೆಯ ಹತ್ತಿರ ಬಂದು ನಿಂತು, "ಇನ್ನೊಂದು ಸಲ," ಎಂದಳು. ಎಷ್ಟೋ ದಿನದ ಮೇಲೆ ಆಡಿದ ದನಿ ಒಡಕಲಾಗಿತ್ತು. ಮತ್ತೆ ತೋರಿಸಿದರು. ಮತ್ತೆ ಒಂದೇ ಸಲ ಕಂಡಿತು.

"ಲೈನು ಸಾಲ್ತಿಲ್ಲ," ಎಂದರು ಜಯತೀರ್ಥ. "ಚಿತ್ರ ತುಂಬ ಸ್ಪಷ್ಟವಾಗಿರಲಿ ಅಂತ ಇಟ್ಟಿದ್ದೀನಿ. ಅಷ್ಟನ್ನು ಹೊತ್ತು ತರೋಕಾಗದೆ ಮಧ್ಯೆ ಮಧ್ಯೆ ಬಿಟ್ಟುಬಿಡ್ತಿದೆ. ನಿಮ್ಮ ಹಳೇ ಯಂತ್ರದ್ದೂ ಇದೇ ಕಥೆ ಇದ್ದಿರಬೇಕು. ತಾಳಿ." ಅವರು ಏನನ್ನೋ ಇಳಿಸಿದರು, ಏನನ್ನೋ ಏರಿಸಿದರು. ಕುಮುದ ಅವರ ಮುಖದ ಗೆರೆಗಳು ಮೆತ್ತಗಾದವು, ಗೋಡೆಯ ಕ್ಯಾಲೆಂಡರಿನ ಅಂಕಿಗಳು ಕಲಸಿಹೋದವು. ಆದರೆ ಕೈ ನೀರು ಹರಿದಂತೆ ಆಡತೊಡಗಿತು. ಮುಷ್ಟಿ ಕುಲುಕಿತು. ಮತ್ತೊಂದು ಸಲ ಕುಲುಕಿತು.

ಹೇಮ ಮಾಳಪ್ಪನ ಕಡೆ ತಿರುಗಿದಳು. "ಒಂದೇ ಕಂಡಿತ್ತು ನಂಗೆ. ನಿಜವಾಗ್ಲೂ ಒಂದೇ ಕಂಡಿತ್ತು."

"ಗೊತ್ತಾಯ್ತಲ್ಲ ತಾಯಿ," ಎಂದ ಮಾಳಪ್ಪ. "ಕೂತ್ಕೊಳ್ಳಿ." ಅವನು ಎದ್ದು ತನ್ನ ಸ್ಟೂಲನ್ನು ಅವಳಿಗೆ ಸರಿಸಿದ. ಅವಳು ಕೂತು, ಮುಖ ಮುಚ್ಚಿಕೊಂಡು, ಒಂದು ವರ್ಷದ ಅಳುವನ್ನು ಅತ್ತಳು. ಗಾಳಿ ಇರಲಿಲ್ಲವಾದ್ದರಿಂದ ಅದು ನಮಗೆಲ್ಲ ಕೇಳಿಸಿತು. ಎಲ್ಲ ಶಾಖೆಗಳಿಗೂ ಕೇಳಿಸಿತು. ಯಾರೂ ಯಂತ್ರ ಆರಿಸಲಿಲ್ಲ.

ಮಾನದಂಡ ಬರೆಯುವ ಕೆಲಸ ಆಮೇಲೆ ಸಲೀಸಾಯಿತು. ಸ್ಪಷ್ಟತೆ ಕಡಿಮೆಯಾದರೂ ಸರಿ, ಚಲನೆ ಕಡಿಯಬಾರದು. ಲೈನು ಸೋತರೆ ಯಂತ್ರ ಕೆಂಪು ಪಟ್ಟಿ ತೋರಿಸಬೇಕು. ಅದು ಇರುವಷ್ಟು ಹೊತ್ತು ಕೈಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಕ್ಯಾಮೆರಾ ತಲೆಯಿಂದ ಸೊಂಟದವರೆಗೆ ನೋಡಬೇಕು, ದೀಪ ಮುಂದಿನಿಂದ ಬೀಳಬೇಕು, ಹಿಂದಿನ ಗೋಡೆ ಚಿತ್ತಾರವಿಲ್ಲದ ಗಾಢ ಬಣ್ಣದ್ದಾಗಿರಬೇಕು. ಗೋಡೆಯ ಬಣ್ಣದ ಬಗ್ಗೆ ಕಲ್ಲುಗಣಿಯವರು ಜಗಳ ತೆಗೆದರು, ಅವರಿಗೆ ಹಳದಿಯೇ ಬೇಕಿತ್ತು. ಔಷಧಿಯ ಹೆಸರನ್ನೂ ಪ್ರಮಾಣವನ್ನೂ ಕೈಯಲ್ಲಿ ಹೇಳಿದ್ದಲ್ಲದೆ ಸ್ಲೇಟಿನ ಮೇಲೆ ಬರೆದು ತೋರಿಸಬೇಕು ಎಂದು ಜಯತೀರ್ಥರು ಸೇರಿಸಿದರು. ಹೇಮ ಆವತ್ತು ಆಸ್ಪತ್ರೆಗೆ ಬಂದು ನಮ್ಮೊಡನೆ ಮೇಜಿನ ಸುತ್ತ ಕೂತಿದ್ದಳು. ಎಲ್ಲ ಮುಗಿಯಿತೆನ್ನುವಾಗ ಹೇಳಿದಳು:

"ಇನ್ನೊಂದಿದೆ. ಡಾಕ್ಟರು ಹೇಳಿದ್ದನ್ನ ನರ್ಸು ತಿರುಗಿ ತೋರಿಸ್ಬೇಕು. ಡಾಕ್ಟರು ಹೌದು ಅನ್ನೋವರೆಗೂ ಔಷಧಿ ಮುಟ್ಟಬಾರದು."

"ಅವಸರದಲ್ಲಿ ಅದಕ್ಕೆಲ್ಲ ಹೊತ್ತೆಲ್ಲಿರುತ್ತೆ?" ಎಂದರು ತಿಪ್ಪಯ್ಯನವರು.

"ಇರುತ್ತೆ ಸಾರ್," ಎಂದಳು ಹೇಮ. ಕುಮುದ ಅವರು ಪೆನ್ನು ತೆಗೆದುಕೊಂಡು ಅದನ್ನು ತಮ್ಮ ಕೈಯಿಂದಲೇ ಎಲ್ಲಕ್ಕಿಂತ ಮೇಲೆ ಬರೆದರು. ಕೆಲಸ ಬಿಡುವ ಮಾತನ್ನು ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಈ ವರ್ಷ ಗಾಳಿ ನಿಜವಾಗಿಯೂ ಬೇಗ ಬಂತು. ಊರಿನವರೆಲ್ಲ ಮಾಳಪ್ಪನ ಕಡೆ ಬೆರಳು ತೋರಿಸಿದರು. ಅವನು ಸಂತೆಯ ನಡುವೆ ನಿಂತು, ಹೌದು, ನಾನೇ ಕರೆಸಿದ್ದು, ಏನೀಗ ಎಂದು ಎರಡೂ ಕೈಯಲ್ಲಿ ಹೇಳಿ ನಡೆದ. ಕಲ್ಲುಗಣಿಯ ಗೋಡೆ ಇನ್ನೂ ಹಳದಿಯಾಗಿಯೇ ಇತ್ತು. ಉಳಿದೆಲ್ಲ ಸಿದ್ಧವಾಗಿತ್ತು.

ಗಾಳಿ ಬಂದ ವಾರದಲ್ಲೇ ಒಂದು ಮಧ್ಯಾಹ್ನ ಉಪ್ಪಿನ ಬಯಲಿನಿಂದ ಕರೆ ಬಂತು. ನಾನು ಆಸ್ಪತ್ರೆಯಲ್ಲೇ ಇದ್ದೆ. ಹೇಮಳ ಕಿಟಕಿಯನ್ನು ಕುಮುದ ಅವರು ದೊಡ್ಡದು ಮಾಡಿದರು. ಚೊಚ್ಚಲ ಹೆರಿಗೆ, ಕರೆತರುವ ಹೊತ್ತಿಗೇ ತಡವಾಗಿತ್ತು. ದಾರಿಯಲ್ಲಿ ಮೊಣಕಾಲುದ್ದ ಉಪ್ಪು, ಗಾಡಿ ಹೋಗುವಂತಿರಲಿಲ್ಲ. ಹೇಮಳ ಕೈಗಳು ಕೆಲಸದಲ್ಲಿದ್ದವು. ಅವಳು ಪ್ರಶ್ನೆಗಳನ್ನು ಕಣ್ಣಿನಲ್ಲಿ, ಗದ್ದದಲ್ಲಿ ಕೇಳುತ್ತಿದ್ದಳು. ಕುಮುದ ನಿಂತುಕೊಂಡೇ ಉತ್ತರ ಹೇಳುತ್ತಿದ್ದರು. ಅವರ ಕೈ ನಿಧಾನವಾಗಿ, ಅಂಗಡಿಯವನು ಬಟ್ಟೆ ಬಿಚ್ಚಿ ತೋರಿಸಿದ ಹಾಗೆ, ಒಂದೊಂದೇ ಮಾತನ್ನು ಹರಡಿಡುತ್ತಿತ್ತು. ತಾಯಿಗೆ ಚುಚ್ಚುಮದ್ದಿನ ಸಮಯ ಬಂದಾಗ ಹೇಮ ಕುಮುದ ಎತ್ತಿ ಹಿಡಿದ ಸ್ಲೇಟನ್ನು ಓದಿ, ಔಷಧಿಯನ್ನೂ ಪ್ರಮಾಣವನ್ನೂ ಒಂದೇ ಕೈಯಲ್ಲಿ ತಿರುಗಿ ತೋರಿಸಿ, ಕಾದಳು. ಕುಮುದ ಹೌದೆಂದರು. ಆಮೇಲೆಯೇ ಸೂಜಿ ಎತ್ತಿಕೊಂಡಳು.

ಮಗು ಹೊರಬಂತು. ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿತ್ತು. ಹೇಮ ಬಿಡಿಸಿದಳು. ಮಗು ನೀಲಿಯಾಗಿ, ಒದ್ದೆ ಬಟ್ಟೆಯಂತೆ ಅವಳ ಅಂಗೈಯಲ್ಲಿ ಜೋತುಬಿದ್ದಿತ್ತು. ಕುಮುದ ಹೇಳಿದಂತೆ ಒರೆಸಿದಳು, ಬಾಯಿ ಶುಚಿ ಮಾಡಿದಳು, ಬೆನ್ನು ಉಜ್ಜಿದಳು. ಏನೂ ಆಗಲಿಲ್ಲ. ಉಸಿರು ಊದುವ ರಬ್ಬರ್ ಚೀಲವನ್ನು ಮಗುವಿನ ಮೂತಿಗೆ ಹಿಡಿದಳು. ಕುಮುದ ತಮ್ಮ ಕೈಯನ್ನು ಎದೆಯ ಮುಂದೆ ಎತ್ತಿ, ಮುಚ್ಚಿ ತೆರೆದು, ಮುಚ್ಚಿ ತೆರೆದು, ಲಯ ತೋರಿಸತೊಡಗಿದರು. ಹೇಮ ಅದನ್ನೇ ನೋಡುತ್ತ ಚೀಲ ಒತ್ತಿದಳು. ಇಲ್ಲಿ ಕೈ ಮುಚ್ಚಿದಾಗ ಅಲ್ಲಿ ಚೀಲ ಮುಚ್ಚುತ್ತಿತ್ತು. ಒಂದು ಸಲವೂ ಚಿತ್ರ ಕಡಿಯಲಿಲ್ಲ. ಉಳಿದ ಶಾಖೆಗಳ ಕಿಟಕಿಗಳಲ್ಲಿ ನರ್ಸುಗಳು ತಮ್ಮ ಕೆಲಸ ಬಿಟ್ಟು ಬಂದು ನಿಂತಿದ್ದರು. ನನ್ನ ಕೈಯೂ ಗೊತ್ತಿಲ್ಲದೆ ಮುಚ್ಚಿ ತೆರೆಯುತ್ತಿತ್ತು.

ಆಮೇಲೆ ಹೇಮ ಒತ್ತುವುದನ್ನು ನಿಲ್ಲಿಸಿದಳು. ಅವಳು ಬಗ್ಗಿದ್ದರಿಂದ ಮಗು ನಮಗೆ ಕಾಣಲಿಲ್ಲ. ಕುಮುದ ಕೈಯೆತ್ತಿ ಕೇಳಿದರು: ಏನಾಯಿತು? ಮೂಕಗಾಳಿಯಲ್ಲಿ ಹುಟ್ಟುವ ಮಕ್ಕಳ ಅಳುವೂ ಕೇಳಿಸುವುದಿಲ್ಲ. ನೋಡಿದ ಹೊರತು ಗೊತ್ತಾಗುವುದಿಲ್ಲ. ಅವಳು ಪಕ್ಕಕ್ಕೆ ಸರಿದು, ದೀಪವನ್ನು ಇತ್ತ ತಿರುಗಿಸಿ, ಮಗುವನ್ನು ಎರಡೂ ಕೈಯಲ್ಲಿ ಎತ್ತಿ ಕ್ಯಾಮೆರಾಕ್ಕೆ ಹಿಡಿದಳು. ಕೆಂಪೇರಿದ ಮುಖ, ಬಿಗಿ ಮುಚ್ಚಿದ ಕಣ್ಣು, ಮುಖದಷ್ಟೇ ದೊಡ್ಡದಾಗಿ ತೆರೆದ ಬಾಯಿ. ಒಳಗೆ ಪುಟ್ಟ ನಾಲಗೆ ನಡುಗುತ್ತಿತ್ತು. ಎದೆಗೂಡು ಏರಿ ಇಳಿಯುತ್ತಿತ್ತು. ಅಷ್ಟು ಜೋರಾಗಿ ಅಳುತ್ತಿದ್ದ ಮಗುವನ್ನು ನಾನು ನೋಡಿಯೇ ಇರಲಿಲ್ಲ.

ಕುಮುದ ಕುರ್ಚಿ ಹುಡುಕಿ ಕೂತರು. ಕಿಟಕಿ ಕಿಟಕಿಗಳಲ್ಲೂ ಕೈಗಳು ಮೇಲೆದ್ದವು, ಗೋಡೆ ಹಳದಿಯಾಗಿದ್ದ ಕಲ್ಲುಗಣಿಯಲ್ಲೂ. ಉಪ್ಪಿನ ಬಯಲಿನಲ್ಲಿ ಮಗುವಿನ ಅಜ್ಜಿ ಓಡಿಬಂದು, ಡಾಕ್ಟರು ಯಾವುದರಲ್ಲಿದ್ದಾರೆಂದು ತಿಳಿಯದೆ, ದೀಪಕ್ಕೆ ಕೈಮುಗಿದಳು. ಹೇಮ ಅವಳ ಹೆಗಲು ಹಿಡಿದು ಮೆಲ್ಲಗೆ ಕ್ಯಾಮೆರಾದ ಕಡೆ ತಿರುಗಿಸಿದಳು. ಆಮೇಲೆ ಪರದೆಯ ಹತ್ತಿರ ಬಂದು, ನನ್ನನ್ನು ನೋಡಿ, ಒಂದು ಕೈಯಲ್ಲಿ ಮಗುವನ್ನು ಇಟ್ಟುಕೊಂಡೇ ಇನ್ನೊಂದರಲ್ಲಿ ಹೇಳಿದಳು: ಹೊಸ ಗ್ಲೌಸು ಮುಗಿಯುತ್ತ ಬಂದಿವೆ, ಮುಂದಿನ ಸಾಮಾನಿನ ಜೊತೆ ಜಾಸ್ತಿ ಕಳಿಸು.

ಆಯಿತು ಎಂದೆ.

ಆಸ್ಪತ್ರೆಯ ಅಡುಗೆಯಾಕೆ ಯಾವಾಗಲೋ ತಂದಿಟ್ಟಿದ್ದ ಉಪ್ಪಿಟ್ಟು ಮೇಜಿನ ಮೂಲೆಯಲ್ಲಿ ಆರಿ ಗಟ್ಟಿಯಾಗಿತ್ತು. ನಾನೂ ಕುಮುದ ಅವರೂ ಎದುರುಬದುರು ಕೂತು ತಿಂದೆವು. ಒಂದು ತುತ್ತು ಬಾಯಿಗಿಟ್ಟು ಅವರು ಬೆರಳು ಉಜ್ಜಿ ತೋರಿಸಿದರು: ಉಪ್ಪು ಕಡಿಮೆ. ಕಿಟಕಿಯ ಹೊರಗೆ ಬೀದಿಯ ಮೇಲೆಲ್ಲ ಉಪ್ಪು ಬಿದ್ದಿತ್ತು. ಇಬ್ಬರಿಗೂ ನಗು ಬಂತು, ತಟ್ಟೆ ಅಲುಗಿ ಚಮಚ ಗಲಗಲ ಸದ್ದು ಮಾಡುವಷ್ಟು. ಅಡುಗೆಯಾಕೆ ಬಾಗಿಲಿನಿಂದ ಇಣುಕಿ, ಇನ್ನೂ ಬೇಕೇ ಎಂದು ಕೈಯಲ್ಲಿ ಕೇಳಿದಳು. ಬೇಕು ಎಂದೆವು.